ಏಳನೆಯ ಸಾಲು

ಹೋದ ವಾರ ಮೊಮ್ಮಗಳು ಫೋನಿನಲ್ಲಿ ಕೇಳಿದಳು. "ಅಜ್ಜಿ, ಉತ್ಪಾದಕತೆ ಅಂದ್ರೆ ಏನು ಅಂತ ಗೊತ್ತಾ ನಿಂಗೆ?" ಮುಂದಿನ ತಿಂಗಳು ಅವಳಿಗೆ ಅರ್ಥಶಾಸ್ತ್ರದ ಪರೀಕ್ಷೆ ಇದೆ. "ನಂಗೇನ್ ಗೊತ್ತು ಮಗಾ," ಅಂದೆ. ಅವಳು ನಕ್ಕು, ಒಬ್ಬ ಆಳು ಒಂದು ದಿನದಲ್ಲಿ ಎಷ್ಟು ಕೆಲಸ ಮಾಡಿ ಮುಗಿಸುತ್ತಾನೋ ಅದರ ಅಳತೆ ಎಂದು ತಾನೇ ಹೇಳಿಕೊಟ್ಟಳು.

ನನಗೆ ಗೊತ್ತಿತ್ತು. ಒಂದು ಕೊಯ್ಲಿನ ಕಾಲದ ಉದ್ದಕ್ಕೂ ಆ ಅಳತೆಯನ್ನು ಕೂತು ಬರೆದವಳು ನಾನೇ. ಆದರೆ ಅದನ್ನು ಬಾಯಿಬಿಟ್ಟು ಹೇಳುವುದು ನನ್ನಿಂದ ಆಗುವುದಿಲ್ಲ. ಮೊದಲಿನಿಂದಲೂ ನನಗೆ ನಾಲಿಗೆ ಕಡಿಮೆ. ನಾಲ್ಕು ಜನ ಕೂತಲ್ಲಿ ನನ್ನ ಸರದಿ ಬರುವ ಹೊತ್ತಿಗೆ ಮಾತು ಬೇರೆ ಕಡೆ ಹೋಗಿರುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಮೊಮ್ಮಕ್ಕಳು ನೀವು ಮೂವರೂ ಓದಿಕೊಳ್ಳಿ. ತಪ್ಪಿದ್ದರೆ ತಿದ್ದಿಕೊಳ್ಳಿ, ನಾನು ಓದಿದ್ದು ಹೊಳೆಯಾಚೆಯ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಮಾತ್ರ.

ಮದುವೆಯಾಗಿ ಹೊಳೆಯ ಈಚೆಗೆ, ಕೇರಳದ ಮುಳ್ಳನ್‌ಕೊಲ್ಲಿಯ ಈ ಕಡೆಗೆ ಬಂದ ಮೇಲೆ ಮಲೆಯಾಳವನ್ನು ಕಿವಿಯಿಂದ ಕಲಿತೆ. ಅಕ್ಷರ ಕಲಿಯಲಿಲ್ಲ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಪಂಚಾಯ್ತಿಯಲ್ಲಿ ಮಲೆಯಾಳ. ಮನೆಯಲ್ಲಿ, ತೋಟದ ಸಾಲಿನಲ್ಲಿ ನಮ್ಮ ಕನ್ನಡ. ನಿಮ್ಮ ತಾತ ಇರುವವರೆಗೆ ಮನೆಯಲ್ಲಿ ಒಂದಿಷ್ಟು ಮಾತಾದರೂ ಇತ್ತು. ಅವರು ಹೋದ ಮೇಲೆ ನಾನು ದಿನಕ್ಕೆ ಆಡುವ ಮಾತನ್ನು ಬೆರಳಲ್ಲಿ ಎಣಿಸಬಹುದಿತ್ತು. ಬಹಳಷ್ಟು ನನ್ನ ಓರಗಿತ್ತಿಯ ಜೊತೆಯೇ. ಅವಳು ನಿಮ್ಮ ತಾತನ ಅಣ್ಣನ ಹೆಂಡತಿ, ನಿಮಗೆ ದೊಡ್ಡಜ್ಜಿ. ಅವಳ ಗಂಡ ನಿಮ್ಮ ತಾತನಿಗಿಂತ ಮೊದಲೇ ಹೋಗಿದ್ದರು, ಮಕ್ಕಳಿಲ್ಲ. ಪಂಚಾಯ್ತಿಯವರು ಕಟ್ಟಿಕೊಟ್ಟ ಜೋಡಿ ಮನೆಯಲ್ಲಿ ಒಂದು ಅವಳದು, ಒಂದು ನನ್ನದು.

ಕಾಫಿ ಕೊಯ್ಲಿನ ಕಾಲದಲ್ಲಿ ನಾವಿಬ್ಬರೂ ಒಂದೇ ತೋಟಕ್ಕೆ ಹೋಗುತ್ತಿದ್ದೆವು. ಹೆಂಗಸರು ಹದಿನಾಲ್ಕು ಜನ. ಕೊಯ್ಲಿನ ಮೊದಲ ದಿನ ಒಬ್ಬೊಬ್ಬಳೂ ಒಂದು ಸಾಲು ಹಿಡಿಯುತ್ತಾಳೆ. ವರ್ಷಗಳ ಹಿಂದೆ ಈ ತೋಟದ ಕೆಲಸಕ್ಕೆ ಎಲ್ಲರಿಗಿಂತ ಮೊದಲು ಸೇರಿದವಳಿಗೆ ಒಂದನೆಯ ಸಾಲು, ಆಮೇಲೆ ಸೇರಿದವಳಿಗೆ ಎರಡನೆಯದು, ಹೀಗೆ. ಆ ಸಾಲನ್ನು ಕೊಯ್ಲು ಮುಗಿಯುವವರೆಗೆ ಬಿಡುವಂತಿಲ್ಲ. ಒಂದು ತುಂಡು ತೋಟ ಮುಗಿದು ಇನ್ನೊಂದಕ್ಕೆ ಹೋದರೂ ಅದೇ ಕ್ರಮ. ವರ್ಷ ಬದಲಾದರೂ ಅದೇ ಕ್ರಮ. ಓರಗಿತ್ತಿ ಏಳನೆಯವಳು, ನಾನು ಎಂಟನೆಯವಳು. ನಮ್ಮ ಹೆಸರಿಗಿಂತ ಸಾಲೇ ಹೆಚ್ಚು ಬಾಯಲ್ಲಿರುತ್ತಿತ್ತು. "ಮೂರ್ನೇ ಸಾಲಲ್ಲಿ ಚಗಳಿ ಇರುವೆ ಗೂಡೈತೆ," ಎಂದು ಒಬ್ಬಳು ಕೂಗಿದರೆ ಯಾರ ಕುತ್ತಿಗೆಗೆ ಇರುವೆ ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತು.

ಇನ್ನೊಂದು ಪದ್ಧತಿಯೂ ಇತ್ತು. ಸಂಜೆ ತೂಕಕ್ಕೆ ಮುಂಚೆ ಎಲ್ಲರೂ ಹಲಸಿನ ಮರದ ಕೆಳಗೆ ಕೂತು ಅವರವರ ಹಣ್ಣನ್ನು ಟಾರ್ಪಲ್ ಮೇಲೆ ಸುರಿದು, ಎಲೆ, ಕಡ್ಡಿ, ಹಸಿರು ಕಾಯಿ ಆರಿಸುತ್ತಿದ್ದೆವು. ಹದಿನಾಲ್ಕು ರಾಶಿ, ಅಂಚಿಗೆ ಅಂಚು ತಾಗಿಕೊಂಡು. ಆರಿಸುತ್ತಾ ಆರಿಸುತ್ತಾ ದೊಡ್ಡ ರಾಶಿಯಿಂದ ಸಣ್ಣ ರಾಶಿಗೆ ಒಂದೊಂದು ಬೊಗಸೆ ಜರುಗುತ್ತಿತ್ತು. ಯಾರು ಜರುಗಿಸಿದರು ಎಂದು ಯಾರೂ ನೋಡುತ್ತಿರಲಿಲ್ಲ. ಬಸುರಿಯೊಬ್ಬಳಿದ್ದರೆ ಅವಳ ಕಡೆಗೆ, ಜ್ವರ ಬಂದು ಎದ್ದವಳಿದ್ದರೆ ಅವಳ ಕಡೆಗೆ. ಅದಕ್ಕೆ ಒಂದು ಹೆಸರು ಕೂಡ ಇರಲಿಲ್ಲ. ಕೊಟ್ಟೆ ಎಂದು ಹೇಳುವವರಿಲ್ಲ, ತೆಗೆದುಕೊಂಡೆ ಎಂದು ತಲೆ ತಗ್ಗಿಸುವವರಿಲ್ಲ. ಮಾತೆಲ್ಲ ಬೇರೆ ಯಾವುದೋ ಮದುವೆಯದೋ ಜಗಳದ್ದೋ ನಡೆದಿರುತ್ತಿತ್ತು.

ಆ ತೋಟದಲ್ಲಿ ದಿನಕ್ಕೆ ಇಷ್ಟು ತೂಕ ಬರಲೇಬೇಕು ಎಂದಿತ್ತು. ಬರದವಳನ್ನು ಮರುವರ್ಷ ಕರೆಯುವುದಿಲ್ಲ. ಓರಗಿತ್ತಿ ಒಂದು ಮಳೆಗಾಲದಲ್ಲಿ ಬಾವಿಯ ಹತ್ತಿರ ಜಾರಿ ಬಿದ್ದಿದ್ದಳು. ಬಲಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ. ಕಾಫಿ ಗೊಂಚಲನ್ನು ಹಿಡಿದು ಜಗ್ಗಲು ಆ ಎರಡು ಬೆರಳೇ ಬೇಕು. ಅವಳಿಗೆ ಹೆಚ್ಚೆಂದರೆ ಅರ್ಧ ತೂಕ ಆಗುತ್ತಿತ್ತು. ಉಳಿದರ್ಧ ಹಲಸಿನ ಮರದ ಕೆಳಗೆ ಆಗುತ್ತಿತ್ತು. ಮೂರು ಕೊಯ್ಲು ಹಾಗೆ ನಡೆದಿತ್ತು. ಆಳುಗಳನ್ನು ಕರೆಯುವ, ಕೆಲಸ ನೋಡಿಕೊಳ್ಳುವ ಮೇಸ್ತ್ರಿಗೆ ಇದು ಗೊತ್ತಿರಲಿಲ್ಲ.

ನಿಮ್ಮ ತಾತ ಹೋದ ಎರಡನೆಯ ವರ್ಷ ಕೊಯ್ಲಿಗೆ ಮುಂಚೆ ಒಬ್ಬಳು ಹುಡುಗಿ ಬಂದಳು. ಯಾವುದೋ ದೊಡ್ಡ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದವಳು. ಮಲೆಯಾಳದವಳು, ಕನ್ನಡ ಬಾರದು. ನಾವು ಅವಳನ್ನು ಟೀಚರ್ ಎಂದು ಕರೆದೆವು, ತಾನು ಟೀಚರ್ ಅಲ್ಲ ಎಂದು ಅವಳು ಎಷ್ಟು ಹೇಳಿದರೂ. ಮುದಲಾಳಿ, ಅಂದರೆ ತೋಟದ ಯಜಮಾನರು, ಒಪ್ಪಿಗೆ ಕೊಟ್ಟಿದ್ದರು. ಅವಳಿಗೆ ಎರಡೂ ಭಾಷೆ ಆಡುವ, ಅಂಕಿ ಬರೆಯುವ ಒಬ್ಬರು ಬೇಕಿತ್ತು. ಹೆಂಗಸರೆಲ್ಲ ಸೇರಿ ನನ್ನನ್ನು ಮುಂದೆ ತಳ್ಳಿದರು. ನಾನು ಹಿಂದಕ್ಕೆ ಸರಿದು ಓರಗಿತ್ತಿಯ ಬೆನ್ನಿಗೆ ನಿಂತೆ.

"ಚೇಚಿ, ಹೆದರಬೇಡಿ," ಎಂದಳು ಅವಳು ಮಲೆಯಾಳದಲ್ಲಿ. ಅಕ್ಕ ಎಂದ ಹಾಗೆ. "ಅಂಕಿ ಎಲ್ಲ ಭಾಷೆಗೂ ಒಂದೇ ಅಲ್ವಾ."

ನನಗೆ ಒಂದು ಮೇಜು, ಒಂದು ಕುರ್ಚಿ ಹಾಕಿಸಿದಳು. ಕೊಯ್ಯುವ ಕಾಲದಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಮಲೆಯಾಳದಲ್ಲಿ ಕುರ್ಚಿಗೆ ಕಸೇರ ಎನ್ನುತ್ತಾರೆ. ಮೊದಲ ದಿನವೇ ಒಂದನೆಯ ಸಾಲಿನವಳು ನನಗೆ ಹೆಸರಿಟ್ಟಳು.

"ಕಸೇರಮ್ಮೋರೆ, ನಮ್ಮಂತೋರ ಕೂಡೆ ಮಾತಾಡೀರಾ?"

"ಅಯ್ಯೋ ಬಿಡೆ," ಎಂದಳು ಓರಗಿತ್ತಿ. "ಅವ್ಳು ಕೆಳಗ್ ಕುಂತಾಗ್ಲೇ ಮಾತಾಡ್ನಿಲ್ಲ. ಈಗ ಮ್ಯಾಲ್ ಕುಂತವ್ಳೆ, ಸುರು ಮಾಡಾಳೇನೋ ನೋಡಾನ."

ಎಲ್ಲರೂ ನಕ್ಕರು, ನಾನೂ ನಕ್ಕೆ.

ಟೀಚರ್ ಕೆಲಸ ಇಷ್ಟು: ಒಬ್ಬೊಬ್ಬಳು ದಿನಕ್ಕೆ ಎಷ್ಟು ಕೊಯ್ಯುತ್ತಾಳೆ ಎಂದು ಬರೆಯುವುದು, ಸ್ವಲ್ಪ ದಿನ ಆದ ಮೇಲೆ ಅವಳವಳ ತೂಕವನ್ನು ಅವಳಿಗೇ ಚೀಟಿಯಲ್ಲಿ ಬರೆದು ಕೊಡುವುದು, ಹಾಗೆ ಕೊಟ್ಟರೆ ಕೊಯ್ಯುವುದು ಹೆಚ್ಚುತ್ತದೆಯೋ ಎಂದು ನೋಡುವುದು. ಮಧ್ಯಾಹ್ನ ಗಂಜಿ ಕುಡಿಯುವಾಗ ಅವಳು ನನ್ನ ಪಕ್ಕ ಕೂತು ಹೇಳುತ್ತಿದ್ದಳು. ನಮ್ಮ ಕಾಫಿ ಹಡಗಿನಲ್ಲಿ ಹೋಗುತ್ತದಂತೆ. ನಾವು ಕಂಡರಿಯದ ದೇಶಗಳಲ್ಲೂ ನಮ್ಮಂಥ ಹೆಂಗಸರು ಬೆಟ್ಟದ ಮೇಲೆ ಕೊಯ್ಯುತ್ತಾರಂತೆ. ಅವರ ಕಾಫಿಯೂ ನಮ್ಮ ಕಾಫಿಯೂ ಒಂದೇ ಪೇಟೆಯಲ್ಲಿ ಪೈಪೋಟಿಗೆ ಬೀಳುತ್ತವಂತೆ. ನಮ್ಮಂಥ ದೇಶದಲ್ಲಿ ಒಬ್ಬ ಆಳಿನ ದುಡಿಮೆ ಬೇರೆ ಕಡೆಗಿಂತ ಕಡಿಮೆ ಎಂದು ಪುಸ್ತಕಗಳಲ್ಲಿ ಬರೆದಿದ್ದಾರಂತೆ. ಯಾಕೆ ಕಡಿಮೆ ಎಂದು ತಿಳಿಯಬೇಕು ಎಂಬುದು ಅವಳ ಆಸೆ.

"ನಿಮಗೆ ಏನನ್ನಿಸುತ್ತೆ ಚೇಚಿ?" ಎಂದು ಕೇಳುತ್ತಿದ್ದಳು.

ಮಕ್ಕಳೇ, ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ನಿಮ್ಮ ತಾತ ಒಳ್ಳೆಯವರು, ಆದರೆ ಅವರೂ ಕೇಳಿರಲಿಲ್ಲ. ನಾನು ರಾತ್ರಿ ಮಲಗುವ ಮುಂಚೆ ಅವಳಿಗೆ ನಾಳೆ ಏನು ಹೇಳಲಿ ಎಂದು ಯೋಚಿಸುವಂತಾಯಿತು. ಅವಳ ಗಂಜಿಗೆ ಎಂದು ಮಾವಿನಕಾಯಿ ಉಪ್ಪಿನಕಾಯಿ ಒಯ್ಯುತ್ತಿದ್ದೆ. ಓರಗಿತ್ತಿ ಅದನ್ನೂ ನೋಡಿದಳು. "ಆ ಭರಣೀನ ನಂಗೂ ಮುಟ್ಟಾಕ್ ಬಿಡ್ತಿರ್ನಿಲ್ಲ ನೀನು," ಎಂದಳು, ನಗುತ್ತಲೇ.

ಹೆಸರು ಬರೆಯುವುದು ಬೇಡ ಎಂದು ಟೀಚರ್ ಮೊದಲೇ ಹೇಳಿದ್ದಳು. ಯಾರ ತೂಕ ಎಷ್ಟು ಎಂದು ಹೊರಗೆ ಯಾರಿಗೂ ತಿಳಿಯಬಾರದು, ಅದು ಅವರ ನಿಯಮ. "ಎಲ್ಲರಿಗೂ ಒಂದೊಂದು ನಂಬರ್ ಕೊಡಿ ಚೇಚಿ. ಹೇಗೆ ಬೇಕಾದರೂ ಕೊಡಿ. ಪಟ್ಟಿ ನಿಮ್ಮ ಹತ್ತಿರ, ನನ್ನ ಹತ್ತಿರ ಮಾತ್ರ ಇರಲಿ."

ನಾನು ನಂಬರ್ ಕೊಟ್ಟೆ. ಒಂದನೆಯ ಸಾಲಿನವಳಿಗೆ ಒಂದು, ಎರಡನೆಯ ಸಾಲಿನವಳಿಗೆ ಎರಡು. ಹಾಗಲ್ಲದೆ ಇನ್ನೊಂದು ರೀತಿ ಇದೆ ಎಂದು ನನಗೆ ಹೊಳೆಯಲೇ ಇಲ್ಲ. ನಮ್ಮನ್ನು ಎಣಿಸುವುದೇ ಹಾಗೆ. ಕಣ್ಣು ಮುಚ್ಚಿ ಎಣಿಸು ಎಂದರೂ ಹಾಗೆಯೇ ಎಣಿಸುತ್ತಿದ್ದೆ. ನಾನು ಕೊಯ್ಯದೇ ಇದ್ದುದರಿಂದ ಎಂಟು ಎಂಬ ಜಾಗ ಖಾಲಿ ಬಿಟ್ಟೆ. ಏಳು ಆದ ಮೇಲೆ ಒಂಬತ್ತು. ಟೀಚರ್ ಅದನ್ನು ನೋಡಿ, ಎಂಟು ಯಾಕಿಲ್ಲ ಎಂದು ಕೇಳಿದಳು. "ಎಂಟು ನಾನು," ಎಂದೆ. ಅವಳು ನಕ್ಕಳು. ಸಾಲಿನ ಕ್ರಮ ಅವಳಿಗೆ ಗೊತ್ತಿಲ್ಲ. ಗೊತ್ತಿದ್ದ ನಾನು ಹೇಳಲಿಲ್ಲ.

ಮೊದಲ ಎರಡು ವಾರದ ಪಟ್ಟಿ ನೋಡಿ ಅವಳ ಮುಖ ಬಾಡಿತು. ಎಲ್ಲರದೂ ಹೆಚ್ಚುಕಡಿಮೆ ಒಂದೇ ತೂಕ. ತಕ್ಕಡಿ ಕೆಟ್ಟಿರಬಹುದು ಎಂದು ಇಟ್ಟಿಗೆ ತೂಗಿ ನೋಡಿದಳು. ತಕ್ಕಡಿ ಸರಿಯಾಗಿತ್ತು. ಒಂದು ಮಧ್ಯಾಹ್ನ ಗಂಜಿ ಕುಡಿಯದೆ ಕೂತು ಹೇಳಿದಳು.

"ಚೇಚಿ, ನಾನು ಇದಕ್ಕೆ ಒಂದೇ ಕಾರಣ ಬರೆಯಬಹುದು. ಎಲ್ಲರೂ ಮಾತಾಡಿಕೊಂಡು, ಬೇಕಂತಲೇ ಇಷ್ಟೇ ಸಾಕು ಅಂತ ನಿಲ್ಲಿಸ್ತಾರೆ ಅಂತ. ಕೈ ಆಗೋರೂ ಕೈ ಬಿಗಿ ಹಿಡೀತಾರೆ ಅಂತ."

ನನಗೆ ಸಿಟ್ಟು ಬಂತು. ನಮ್ಮವರು ಮೈಗಳ್ಳರು ಎಂದು ಎಲ್ಲೋ ಪುಸ್ತಕದಲ್ಲಿ ಅಚ್ಚಾಗುತ್ತದೆ ಎಂದು ಬಂದ ಸಿಟ್ಟು. ಆ ಸಿಟ್ಟಿನಲ್ಲಿ ನನಗೆ ಎಂದೂ ಬಾರದ ಮಾತು ಬಂತು. ಇಲ್ಲ ಟೀಚರ್, ಯಾರೂ ಕೈ ಬಿಗಿ ಹಿಡಿಯುವುದಿಲ್ಲ, ಒಂದನೆಯವಳೂ ಐದನೆಯವಳೂ ಗಾಳಿಯ ಹಾಗೆ ಕೊಯ್ಯುತ್ತಾರೆ, ಸಂಜೆ ಮರದ ಕೆಳಗೆ ಜರುಗಿಸುತ್ತಾರೆ ಎಂದೆ. ಯಾರ ಕಡೆಗೆ ಎಂದು ಕೇಳಿದಳು. ನನ್ನ ಓರಗಿತ್ತಿಯ ಕೈಯ ವಿಷಯವನ್ನೂ ಹೇಳಿದೆ. ಹೇಳುವಾಗ ನನಗೆ ಹೆಮ್ಮೆಯಾಗುತ್ತಿತ್ತು. ನಾವು ಎಂಥವರು ನೋಡು ಎಂದು ತೋರಿಸುವ ಹೆಮ್ಮೆ. ಅವಳ ಕಣ್ಣು ಅಗಲವಾಯಿತು. ನನ್ನ ಕೈ ಹಿಡಿದುಕೊಂಡಳು. "ಚೇಚಿ, ಇದು ಯಾವ ಪುಸ್ತಕದಲ್ಲೂ ಇಲ್ಲ," ಎಂದಳು. ಆ ದಿನ ನಾನು ಮನೆಗೆ ನಡೆದು ಬಂದದ್ದೇ ನನಗೆ ತಿಳಿಯಲಿಲ್ಲ.

ಚೀಟಿಯ ಯೋಚನೆ ಬಿಟ್ಟು, ಮರುದಿನದಿಂದ ಎರಡು ಸಲ ತೂಗಬೇಕು ಎಂದಳು. ಸಾಲಿನಿಂದ ಬಂದ ಕೂಡಲೇ ಒಮ್ಮೆ, ಆರಿಸಿ ಆದ ಮೇಲೆ ಒಮ್ಮೆ. ಎರಡನೆಯ ತೂಕವೇ ತೋಟಕ್ಕೆ, ಮೊದಲನೆಯದು ಅವಳಿಗೆ ಮಾತ್ರ. ಹೆಂಗಸರಿಗೆ ನಾನು ಹೇಳಿದೆ.

"ಇದ ನೀನೇಳ್ದಾ ಅವ್ಳ್ಗೆ?" ಎಂದಳು ಒಂದನೆಯ ಸಾಲಿನವಳು.

"ನಮ್ಮನ್ನ ಸೋಮಾರಿಗಳು ಅಂತ ಬರೀತಿದ್ಳು ಕಣಕ್ಕ."

"ಬರ್ಕಳ್ಳಿ. ಅವ್ಳ್ ಬರುದ್ರೆ ನಮ್ ಗಂಜಿ ಹಳಸ್ತದಾ?"

ಓರಗಿತ್ತಿಯೇ ನಡುವೆ ಬಂದಳು. "ಹೋಗ್ಲಿ ಬುಡಿ. ಎಸ್ರಿಲ್ವಲ್ಲ, ನಂಬ್ರು ತಾನೆ. ಇವ್ಳು ಒಂದಿನ ಬಾಯ್ ಬುಟ್ಟು ಒಂದ್ ಮಾತ್ ಕೇಳವ್ಳೆ, ಬ್ಯಾಡ ಅನ್ನಾದಾ?" ಎಂದಳು. ನನಗಾಗಿ ಒಪ್ಪಿಸಿದಳು. ಇದನ್ನು ನೀವು ಮರೆಯಬಾರದು. ನಾನಂತೂ ಮರೆತಿಲ್ಲ.

ಎರಡು ವಾರ ಹಾಗೆ ತೂಗಿದೆವು. ಮೊದಲ ತೂಕದ ಹಾಳೆಯಲ್ಲಿ ಅಂಕಿಗಳು ಏರಿ ಇಳಿದು ನಿಂತವು. ಏಳರ ಮುಂದೆ ಪ್ರತಿದಿನವೂ ಪಕ್ಕದವರ ಅರ್ಧ.

ಒಂದು ಸಂಜೆ ಟೀಚರ್ ಫೋನಿನಲ್ಲಿ ಮಾತಾಡುತ್ತಾ ದಾರಿಯ ಕಡೆಗೆ ಹೋಗಿದ್ದಳು. ಮೇಸ್ತ್ರಿ ದಿನದ ಒಟ್ಟು ತೂಕ ಕೇಳಲು ನನ್ನ ಮೇಜಿನ ಹತ್ತಿರ ಬಂದ. ನಾನು ಒಟ್ಟು ಹೇಳಿದೆ. ಅವನು ಹೋಗಲಿಲ್ಲ. ಮೇಲಿದ್ದ ಹಾಳೆಯನ್ನು ಎತ್ತಿ ಅದರ ಕೆಳಗಿನದನ್ನು ನೋಡಿದ. ಅದು ಮೊದಲ ತೂಕದ್ದು. ಬೆರಳನ್ನು ಮೇಲಿನಿಂದ ಕೆಳಕ್ಕೆ ತಂದ. ಒಂದು, ಎರಡು, ಮೂರು. ಏಳರ ಹತ್ತಿರ ಬೆರಳು ನಿಂತಿತು. ಮುಂದಿನದು ಒಂಬತ್ತು. ಅವನು ನನ್ನನ್ನು ನೋಡಿದ, ಆಮೇಲೆ ತಲೆ ಎತ್ತಿ ಹಲಸಿನ ಮರದ ಕೆಳಗೆ ಕೂತಿದ್ದವರನ್ನು ನೋಡಿದ. ಎಣಿಸುವ ಅಗತ್ಯವೂ ಅವನಿಗೆ ಬರಲಿಲ್ಲ. ಹದಿನೈದು ವರ್ಷದಿಂದ ಆ ಸಾಲುಗಳನ್ನು ನೋಡಿದವನು.

ಆಗ ನಾನು ಹೇಳಬಹುದಿತ್ತು. ಈ ನಂಬರಿಗೂ ಸಾಲಿಗೂ ಸಂಬಂಧವಿಲ್ಲ ಎಂದು ಸುಳ್ಳು ಹೇಳಬಹುದಿತ್ತು. ಹಾಳೆಯನ್ನು ಕಿತ್ತುಕೊಳ್ಳಬಹುದಿತ್ತು. ನಾನು ಪೆನ್ನಿನ ಮುಚ್ಚಳ ಹಾಕುತ್ತಾ ಕೂತೆ. ಅವನು ಹಾಳೆಯನ್ನು ಇದ್ದ ಹಾಗೆಯೇ ಇಟ್ಟು ಹೋದ. ಅವನಿಗೆ ಅರ್ಥವಾಗಿರಲಾರದು ಎಂದು ನಾನು ನನಗೇ ಹೇಳಿಕೊಂಡೆ. ಟೀಚರಿಗೂ ಹೇಳಲಿಲ್ಲ, ಓರಗಿತ್ತಿಗೂ ಹೇಳಲಿಲ್ಲ. ಕೊಯ್ಲು ಮುಗಿಯಿತು. ಟೀಚರ್ ಎಲ್ಲರಿಗೂ ಒಂದೊಂದು ಸೀರೆ ಕೊಟ್ಟು, ನನ್ನನ್ನು ತಬ್ಬಿಕೊಂಡು ಅತ್ತು ಹೋದಳು.

ಮರುವರ್ಷ ಕೊಯ್ಲಿಗೆ ಕರೆಯಲು ಮೇಸ್ತ್ರಿ ನಮ್ಮ ಮನೆಗಳ ಕಡೆ ಬಂದ. ನನ್ನ ಬಾಗಿಲಲ್ಲಿ ನಿಂತು, ಸೋಮವಾರದಿಂದ ಬನ್ನಿ ಎಂದ. ಓರಗಿತ್ತಿ ಅವಳ ಬಾಗಿಲಲ್ಲಿ ನಿಂತೇ ಇದ್ದಳು, ಕೈಯಲ್ಲಿ ಪೊರಕೆ ಹಿಡಿದುಕೊಂಡು. ಅವನು ಅವಳ ಕಡೆ ನೋಡದೆ ಮುಂದಕ್ಕೆ ಹೋದ.

"ಮೇಸ್ತ್ರೀ, ನನ್ನ ಮರ್ತ್ರಾ?" ಎಂದಳು ಅವಳು.

ಅವನು ತಿರುಗಿ ನಿಂತ. ಕೆಟ್ಟ ಮನುಷ್ಯನಲ್ಲ. "ನಿಮಗೆ ಕೈ ಆಗಲ್ಲವಲ್ಲ ಚೇಚಿ. ಮುದಲಾಳಿಗೆ ಗೊತ್ತಾಗಿದೆ. ನಾನೇನು ಮಾಡಲಿ," ಎಂದ.

ಅವಳು ನನ್ನ ಕಡೆ ತಿರುಗಲಿಲ್ಲ. ಅಂಗಳದ ಉಳಿದ ಅರ್ಧವನ್ನು ಗುಡಿಸಿ ಒಳಗೆ ಹೋದಳು.

ಸೋಮವಾರ ನಾನು ಹೋದೆ. ಮೇಸ್ತ್ರಿ ಓರಗಿತ್ತಿಯ ಸಾಲನ್ನು ಖಾಲಿ ಬಿಟ್ಟಿರಲಿಲ್ಲ. ಎಂಟನೆಯವಳಾಗಿದ್ದ ನಾನು ಏಳಕ್ಕೆ ಸರಿಯಬೇಕು ಎಂದ. ಇನ್ನು ಮೇಲೆ ಸಾಲಿನ ಕೊನೆಯಲ್ಲೇ ತೂಕ, ಆರಿಸುವುದು ಆಮೇಲೆ ಎಂದೂ ಹೇಳಿದ. ಹಲಸಿನ ಮರದ ಕೆಳಗೆ ಕೂತರೂ ಜರುಗಿಸಲು ಏನೂ ಉಳಿದಿರಲಿಲ್ಲ. ಒಂಬತ್ತನೆಯವಳು ಆ ವರ್ಷ ಐದು ತಿಂಗಳ ಬಸುರಿ. ಎರಡು ವಾರ ತಡೆದು, ತಾನೇ ಬಿಟ್ಟುಬಿಟ್ಟಳು. ಗಂಜಿಯ ಹೊತ್ತಿಗೆ ನನ್ನ ಪಕ್ಕದ ಜಾಗ ಖಾಲಿ ಇರುತ್ತಿತ್ತು. ಯಾರೂ ಬೈಯಲಿಲ್ಲ. ಕಸೇರಮ್ಮ ಎಂದು ಕೂಡ ಕರೆಯಲಿಲ್ಲ. ಉಪ್ಪು ಬೇಕಾದರೆ ನನ್ನ ಆಚೆ ಕೂತವಳನ್ನು ಕೇಳುತ್ತಿದ್ದರು.

ನಾಲ್ಕು ದಿನ ಒಂದು ಮಾತನ್ನು ಬಾಯಿಪಾಠ ಮಾಡಿ ಐದನೆಯ ದಿನ ಮೇಸ್ತ್ರಿಯ ಮುಂದೆ ನಿಂತೆ. "ನಾನೂ ಓರಗಿತ್ತಿಯೂ ಒಂದೇ ಸಾಲು ಕೊಯ್ತೇವೆ. ಒಂದೇ ಚೀಲ, ಒಂದೇ ತೂಕ, ಒಂದೇ ಆಳಿನ ಲೆಕ್ಕ. ನಿಮಗೆ ತೂಕ ಬಂದರಾಯ್ತಲ್ಲ," ಎಂದೆ. ಅವನು ತಲೆ ಕೆರೆದುಕೊಂಡು ಮುದಲಾಳಿಯನ್ನು ಕೇಳಿ ಬಂದ. ಆಗಬಹುದು ಎಂದ.

ನಾನು ಆ ಸಂಜೆ ಓಡಿದ ಹಾಗೆ ಮನೆಗೆ ಬಂದೆ. ಕಾಲು ತೊಳೆಯದೆ ಓರಗಿತ್ತಿಯ ಬಾಗಿಲಿಗೆ ಹೋದೆ. ಅವಳು ಒಲೆಯ ಮುಂದೆ ಕೂತಿದ್ದಳು. ಎಡಗೈಯಲ್ಲಿ ಸೌದೆ ಮುರಿಯುತ್ತಿದ್ದಳು. ಹೇಳಿದೆ. ಎಲ್ಲ ಕೇಳಿಸಿಕೊಂಡಳು.

"ಸಂಜೀಕೆ ಆ ಚೀಲದಾಗೆ ನಂದೆಷ್ಟು ನಿಂದೆಷ್ಟು?" ಎಂದಳು.

"ಅದ್ಯಾಕಕ್ಕ, ಅರ್ಧ ಅರ್ಧ."

"ನಾ ಕುಯ್ಯಾದು ಅರ್ಧ ಅಲ್ವಲ್ಲ. ನೀ ಬರ್ದಿದ್ಯಲ್ಲ, ನಿಂಗೇ ಗೊತ್ತು."

"ಮೊದ್ಲೂ ಹಂಗೇ ತಾನೆ ನಡೀತಿದ್ದುದು."

"ಮೊದ್ಲು ಯಾರ್ ಕೊಟ್ರು ಅಂತ ನಂಗೊತ್ತಿರ್ನಿಲ್ಲ ತಂಗಿ," ಎಂದಳು. "ಹದಿನಾಕ್ ಜನದಾಗೆ ಯಾರ ಕೈಯೋ. ಬೆಳಿಗ್ಗೆದ್ದು ಎಲ್ಲಾರ್ ಮೊಕಾನೂ ಒಂದೇ ತರ ನೋಡ್ತಿದ್ದೆ. ಈಗ ನಿನ್ ಮೊಕ ನೋಡ್ಬೇಕಲ್ಲ ದಿನಾ."

ತಪ್ಪು ನನ್ನದು, ನಂಬರನ್ನು ಹಾಗೆ ಕೊಟ್ಟವಳು ನಾನು, ಮೇಸ್ತ್ರಿ ನೋಡುವಾಗ ಸುಮ್ಮನಿದ್ದವಳೂ ನಾನು ಎಂದು ಆಗ ಹೇಳಿದೆ. ಅವಳು ಸೌದೆಯನ್ನು ಒಲೆಗೆ ತಳ್ಳಿದಳು.

"ಗೊತ್ತು. ಎಂಟ್ ಯಾಕ್ ಬುಟ್ಟಿದ್ಲು ಅಂತ ಮೇಸ್ತ್ರಿ ಆಡ್ಕಂಡು ನಗ್ತಿದ್ನಂತೆ," ಎಂದಳು. "ಅನ್ನ ಆಗದೆ, ಉಂಡೋಗು."

ನಾನು ಉಣ್ಣದೆ ಬಂದೆ. ಉಂಡು ಬರಬೇಕಿತ್ತು. ಅವಳು ಕೊಡಲು ಬಂದ ಅದೊಂದನ್ನೂ ನಾನು ತೆಗೆದುಕೊಳ್ಳಲಿಲ್ಲ ಎಂಬುದು ನನಗೆ ತಿಳಿದದ್ದು ಎಷ್ಟೋ ದಿನ ಆದ ಮೇಲೆ. ಅವಳು ಮತ್ತೆ ಕರೆಯಲಿಲ್ಲ.

ಈಗ ಅವಳು ಕಾಡಂಚಿನಿಂದ ಪೊರಕೆ ಕಡ್ಡಿ ತಂದು, ಎಡಗೈಯಿಂದಲೇ ಕಟ್ಟಿ ಅಂಗಡಿಗೆ ಹಾಕುತ್ತಾಳೆ. ಎದುರಾದರೆ ಮಾತಾಡುತ್ತಾಳೆ. ಮಳೆ ಬಂತು, ನೀರು ಬಂತು, ಆನೆ ಇಳಿದಿದೆಯಂತೆ ಬೇಗ ಬಾಗಿಲು ಹಾಕಿಕೊ, ಇಷ್ಟು. ಅಂಥ ಮಾತನ್ನು ದಾರಿಯಲ್ಲಿ ಯಾರ ಜೊತೆಗಾದರೂ ಆಡಬಹುದು. ನಮಗೆ ಅದಕ್ಕಿಂತ ಹೆಚ್ಚಿನದು ಇತ್ತು.

ಟೀಚರ್ ವರ್ಷಕ್ಕೊಮ್ಮೆ ಓಣಂಗೆ ಫೋನ್ ಮಾಡುತ್ತಾಳೆ. ಅವಳ ಪುಸ್ತಕ ಅಚ್ಚಾಯಿತಂತೆ, ಮರದ ಕೆಳಗಿನ ವಿಷಯ ಓದಿ ದೊಡ್ಡ ದೊಡ್ಡವರು ಮೆಚ್ಚಿದರಂತೆ. "ಎಲ್ಲರೂ ಚೆನ್ನಾಗಿದ್ದಾರಾ ಚೇಚಿ? ಈಗಲೂ ಹಾಗೇ ಹಂಚಿಕೊಳ್ತಾರಾ?" ಎಂದು ಪ್ರತಿ ಸಲವೂ ಕೇಳುತ್ತಾಳೆ. ಹೌದು ಎನ್ನುತ್ತೇನೆ. ಅವಳು ನಿಯಮ ಮೀರಲಿಲ್ಲ, ಮೋಸ ಮಾಡಲಿಲ್ಲ. ನಿಜ ಹೇಳಿದರೆ ಅವಳು ಅಳುತ್ತಾಳೆ. ಆಮೇಲೆ ಫೋನೂ ಮಾಡಲಾರಳು ಎಂಬ ಹೆದರಿಕೆಯೂ ನನಗಿದೆ, ಅದನ್ನೂ ಮುಚ್ಚಿಡುವುದಿಲ್ಲ.

ಮಗಾ, ನಿನ್ನ ಪುಸ್ತಕದಲ್ಲಿರುವ ಅರ್ಥ ಸರಿಯಾಗಿಯೇ ಇದೆ. ಪರೀಕ್ಷೆಯಲ್ಲಿ ಹಾಗೆಯೇ ಬರೆ.

ಬೇಸಿಗೆ ರಜೆಗೆ ಮೂವರೂ ದೋಣಿಯಲ್ಲಿ ಹೊಳೆ ದಾಟಿ ಬಂದಾಗ ಮೊದಲು ನನ್ನ ಮನೆಗೆ ಬರಬೇಡಿ. ಚೀಲ ಹೊತ್ತುಕೊಂಡೇ ದೊಡ್ಡಜ್ಜಿಯ ಮನೆಗೆ ಹೋಗಿ. ಅವಳು ಏನಾದರೂ ಕೊಡುತ್ತಾಳೆ. ಹಲಸಿನ ಬೀಜ ಸುಟ್ಟದ್ದೋ, ಬೆಲ್ಲದ ಕಾಫಿಯೋ, ಮನೆಯಲ್ಲಿ ಇದ್ದದ್ದು. ಹೊಟ್ಟೆ ತುಂಬಿದೆ ಎನ್ನಬೇಡಿ. ಕೂತು ತಿನ್ನಿ. ಇನ್ನೂ ಇದೆಯಾ ದೊಡ್ಡಜ್ಜಿ ಎಂದು ಕೇಳಿ.